ಕೈ ತಗೊಂಡ ಬನ್ನಿ

ಮಾಫ್ ಮಾಡ್ಯಾಳ ಅಂತ ಯಾರು ಹೇಳಿದ್ರವಾ ನಿನಗ? ಓಣ್ಯಾನ ಮಂದೀನ? ಹೌದು, ಅವರ ಹೇಳ್ತಾರ, ಮತ್ಯಾರು ಹೇಳ್ತಾರ. ‘ನಿಮ್ಮ ಆಯಿ ಭಾಳ ದೊಡ್ಡ ಮನಸಿನಾಕಿ, ಹಡದ ಮಗನ್ನ ಕೊಂದವಂಗ ಸೈತ ಮಾಫ್ ಮಾಡಿದ್ಲು’ ಅಂತ, ಹಿಂಗ ಕಣ್ಣ ಮುಚ್ಚಿ, ತಲಿ ಅಲ್ಲಾಡಿಸಿ ಹೇಳಿರಬೇಕು, ಹೌದಿಲ್ಲೋ? ನಾ ಕಂಡೇನಿ ಅವರು ಹೇಳೂದನ್ನ. ಬರ್ರಿ ಇಲ್ಲೆ, ಕಟ್ಟಿ ಮ್ಯಾಲ ಕುಂದರ್ರಿ ಇಬ್ಬರೂ. ಪೂಜಾ, ಆ ಚಾಪಿ ಇತ್ತಾಗ ಜಗ್ಗವಾ. ಶಿವು, ಮೊಬೈಲ್ ಬದಿಗಿಡೋ, ನೀನೂ ಕೇಳಬೇಕು ಇದನ್ನ, ನಿಮ್ಮ ಬಸೂಮಾಮಾನ ಸುದ್ದಿ ಇದು. ನಿಮ್ಮವ್ವ ನಿಮಗ ಹೇಳಿರೂದಿಲ್ಲ, ತಮ್ಮನ ಹೆಸರು ತಗೊಂಡ್ರ ಅಕಿ ಎದ್ದು ಒಳಗ ಹೋಗ್ತಾಳ. ನನಗೂ ಹೇಳೂದು ಹಗರಲ್ಲ. ಆದ್ರ ನಾ ಹೇಳದ ಹೋದ್ರ ಓಣಿ ಮಂದಿ ಹೇಳಿದ್ದ ಖರೇ ಅಂತ ಉಳೀತೈತಿ, ಅದಕ್ಕ ಹೇಳ್ತೇನಿ. ನಾ ಮಾಫ್ ಮಾಡಿಲ್ಲ. ಮಾಡಿಲ್ಲ ಅಂದ್ರ… ತಡೀರಿ, ಮೊದಲಿಂದ ಹೇಳ್ತೇನಿ, ಇಲ್ಲಂದ್ರ ನನಗೂ ತಿಳಿಯೂದಿಲ್ಲ ನಿಮಗೂ ತಿಳಿಯೂದಿಲ್ಲ.

ಆ ಎದುರಿಗೆ ಹಸರ ಬಾಗಲಾ ಐತೆಲ್ಲ, ಅದು ನೀಲವ್ವನ ಮನಿ. ನಾ ಈ ಊರಿಗೆ ಸೊಸಿಯಾಗಿ ಬಂದ ವರ್ಷನ ಅಕೀನೂ ಬಂದ್ಲು. ನಾ ಕಲಘಟಗಿ ಕಡಿಯಾಕಿ, ಅಕಿ ಮುಂಡಗೋಡ ಕಡಿಯಾಕಿ. ಅಕಿಗೆ ಅತ್ತಿ ಕಾಟ, ನನಗ ಗಂಡ ಮಾತಾಡೂದಿಲ್ಲ ಅನ್ನೂ ಕಾಟ. ನಿಮ್ಮ ಮುತ್ಯಾ ದಿನಕ್ಕ ನಾಕ ಮಾತಾಡಿದ್ರ ಅವತ್ತ ಹಬ್ಬ ಇರತಿತ್ತು, ನಗಬ್ಯಾಡ್ರಿ, ಖರೇನ ಹೇಳ್ತೇನಿ. ಹಿಂಗಾಗಿ ನಾವಿಬ್ಬರೂ ಒಬ್ಬರಿಗೊಬ್ಬರು ಅಂತ ಆದ್ವಿ. ಅಕಿ ಹಡದಾಗ ನಾ ಹೋಗಿ ಎರದೇನಿ, ನಾ ಹಡದಾಗ ಅಕಿ ಬಂದು ಎರದಾಳ. ನನ್ನ ಬಸು ಅಕಿ ಈರಣ್ಣ ಒಂದ ವಾರಿಗಿ, ಒಂದ ವಯಸಿನ ಹುಡುಗ್ರು. ನನಗ ಹಾಲು ಕಡಿಮಿ ಆದಾಗ ಬಸೂನ್ನ ಅಕಿ ತೊಡಿ ಮ್ಯಾಲ ಹಾಕಿ ನಾ ಹೊಲಕ್ಕ ಹೋಗೇನಿ. ಈರ್ಯಾ ಅಂತೂ ನಮ್ಮ ಮನ್ಯಾಗನ ಬೆಳದ. ಬಾಗಲದಾಗ ನಿಂತು ‘ದೊಡ್ಡವ್ವಾ, ರೊಟ್ಟಿ ಕೆನಿ ಕೊಡ’ ಅನ್ನಾಂವ, ನಾ ‘ನಿಮ್ಮವ್ವ ಕೊಡೂದಿಲ್ಲೇನಲೇ ಮಂಗ್ಯಾ’ ಅಂತ ಬೈಕೋಂತನ ಕೊಡಾಕಿ. ದೊಡ್ಡವರಾದ ಮ್ಯಾಲ ಇಬ್ಬರೂ ಬಸವಣ್ಣನ ಗುಡಿ ಭಜನ್ಯಾಗ ಸೇರಿದ್ರು. ಬಸು ಹಾಡಾಂವ, ಈರ್ಯಾ ಢೋಲಕಿ ಬಾರಸಾಂವ. ಬಸೂನ ದನಿ ಅಂಥಾ ದೊಡ್ಡದಲ್ಲ, ಸಣ್ಣದು, ಆದ್ರ ಅದು ಶುರು ಆದ್ರ ಗುಡಿ ಕಟ್ಟಿ ಮ್ಯಾಲ ಎಲಿ ಅಡಕಿ ಹಾಕ್ಕೊಂಡು ಕುಂತ ಮುದುಕ್ರು ಅಗಿಯೂದು ಬಿಟ್ಟು ಕೇಳತಿದ್ರು. ಎಮ್ಮಿ ಹಿಂಡೂ ಮುಂದನೂ ಹಾಡಾಂವ. ಹಾಡದಿದ್ರ ಎಮ್ಮಿ ಸೊರ ಬಿಡತಿದ್ದಿಲ್ಲ, ನಾ ಹಿಂಡಾಕ ಕುಂತ್ರ ಒದೀತಿತ್ತು ನನಗ.

ಅವತ್ತಿಂದು ಹೇಳ್ತೇನಿ. ಉಳವಿ ಯಾತ್ರಾ ಅದು. ಈಗ ಮಂದಿ ಗಾಡಿ ಮೋಟಾರದಾಗ ಮುಂಜಾನೆ ಹೋಗಿ ಸಂಜಿಕ ಬರ್ತಾರ, ನಮ್ಮೂರಾನ ಪದ್ಧತಿ ಹಂಗಲ್ಲ, ಚಕ್ಕಡಿ ಕಟಗೊಂಡ ಹೋಗೂದು. ನಮ್ಮ ಹಳಿಯಾಳ ದಾಟಿ, ದಾಂಡೇಲಿ ದಾಟಿ, ಆಮ್ಯಾಲ ಬರೇ ಅಡವಿ, ಎತ್ತಿನ ಗಂಟಿ ಸಪ್ಪಳಾ ಬಿಟ್ರ ಏನಿಲ್ಲ. ಹರ ಹರ ಮಹಾದೇವ ಅನಕೋಂತ ಹೋಗೂದು, ಹಳ್ಳ ಸಿಕ್ಕಲ್ಲೆ ಎತ್ತು ಬಿಟ್ಟು ಅಡಗಿ ಮಾಡೂದು, ಉಂಡು ಭಜನಿ ಮಾಡೂದು. ಯಾತ್ರಾದಾಗ ಯಾರೂ ಸಿಟ್ಟಾಗಬಾರದು, ಸುಳ್ಳ ಹೇಳಬಾರದು, ಎತ್ತಿಗೆ ಸೈತ ಜೋರಲೆ ಹೊಡೀಬಾರದು ಅಂತ ಹಿರ್ಯಾರು ಊರು ಬಿಡೂ ಮುಂದ ಹೇಳೇ ಕಳಸ್ತಾರ. ಈರ್ಯಾ ಆ ವರ್ಷ ಕುಡ್ಯಾಕ ಕಲತಿದ್ದ. ದಾಂಡೇಲ್ಯಾಗ ಯಾರ ಜೋಡೀನೋ ಹೋಗಿ ಕುಡದು ಬಂದಿದ್ದ, ನಾವು ಹೆಂಗಸ್ರು ವಾಸನಿ ಬಂದ್ರೂ ಸುಮ್ನಿದ್ವಿ, ದೇವರ ಹಾದ್ಯಾಗ ಯಾಕ ಬಾಯಿ ಮಾಡೂದು ಅಂತ. ಅವನ ಎತ್ತು ಒಂದು ಮುಂಗಾಲು ಎಳ್ಯಾಕತ್ತಿತ್ತು, ಗೊರಸಿನ ಸಂದ್ಯಾಗ ಕಲ್ಲ ಹೊಕ್ಕಿತ್ತೋ ಏನೋ. ಎಲ್ಲಾರ ಚಕ್ಕಡಿ ಮುಂದ ಹೊಂಟಾವ, ಇವಂದು ಹಿಂದ ಬಿತ್ತು. ಸಿಟ್ಟಿಗೆ ಬಾರಕೋಲಲೆ ಆ ಎತ್ತನ್ನ ಹೊಡದ ಹೊಡದ, ಅದರ ಬೆನ್ನ ಮ್ಯಾಲ ಬಾಸುಂಡಿ ಎದ್ವು. ನಮ್ಮ ಬಸು ಮುಂದಿನ ಚಕ್ಕಡಿಯಿಂದ ಜಿಗದು ಹಿಂದ ಹೋದ. ‘ಬಿಡಲೇ ಈರ್ಯಾ, ಕುಂಟಾಕತ್ತೈತಿ ಅದು’ ಅಂದ. ‘ನನ್ನ ಎತ್ತು, ನಿಂದೇನು’ ಅಂದ ಇಂವ. ಬಸು ಬಾರಕೋಲು ಕಸಗೊಂಡು ಎರಡ ತುಂಡ ಮಾಡಿ ಕಂಟ್ಯಾಗ ಒಗದ. ಅಷ್ಟ. ಮಂದಿ ನಕ್ಕರು. ಅದ ಆಗಬಾರದಾಗಿತ್ತು ನೋಡ್ರಿ, ಆ ನಗೂದು. ಬಾರಕೋಲು ಮುರದದ್ದಕ್ಕ ಅಲ್ಲ, ಮಂದಿ ನಕ್ಕಿದ್ದಕ್ಕ ಅವಂಗ ಏರಿತು ಅಂತ ನಾ ಇವತ್ತಿಗೂ ಅನಕೋತೇನಿ.

ಮುಂದ ಒಂದು ಹಳ್ಳದ ದಂಡ್ಯಾಗ ಎತ್ತು ಬಿಟ್ರು. ಗಂಡಸ್ರು ಗೂಟ ಬಡದು ಎತ್ತು ಕಟ್ಟಾಕತ್ತಿದ್ರು, ನಾವು ಹೆಂಗಸ್ರು ಕಲ್ಲ ಹೂಡಿ ಒಲಿ ಹಚ್ಚಿದ್ವಿ. ನಾನು ನೀಲವ್ವ ಒಂದ ಒಲಿ, ನಾ ಬ್ಯಾಳಿ ತೊಳ್ಯಾಕತ್ತಿದ್ದೆ, ಅಕಿ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ಲು. ಬಸು ಏನು ಮಾಡ್ಯಾನ, ತನ್ನ ಎತ್ತು ಬಿಟ್ಟು ಆ ಈರ್ಯಾನ ಕುಂಟ ಎತ್ತಿನ ಹತ್ರ ಹೋಗ್ಯಾನ, ಬಗ್ಗಿ ಅದರ ಮುಂಗಾಲು ಎತ್ತಿ ತೊಡಿ ಮ್ಯಾಲ ಇಟಗೊಂಡು ನೀರ ಹಾಕಿ ತೊಳ್ಯಾಕತ್ತಾನ. ಕಲ್ಲ ತಗ್ಯಾಕ. ನನಗ ಸಪ್ಪಳಾ ಕೇಳಿಸ್ತು, ಡಬ್ಬ್ ಅಂತ. ನಾ ಗೂಟ ಬಡ್ಯಾಕತ್ತಾರ ಅಂತ ತಿಳಕೊಂಡೆ. ಬ್ಯಾಳಿ ತೊಳಕೋಂತನ ಇದ್ದೆ. ಎರಡನೇದ್ದೂ ಕೇಳಿಸ್ತು. ಆಮ್ಯಾಲ ಯಾರೋ ‘ಅಯ್ಯಯ್ಯೋ ಈರ್ಯಾ, ಏನ್ ಮಾಡಿದ್ಯೋ’ ಅಂತ ಒದರಿದ್ರು. ಶಿವಪ್ಪ ಕಾಕಾನ ದನಿ ಅದು, ನನಗ ಛಲೋ ಗೊತ್ತು, ನಮ್ಮ ಭಜನಿ ಹಿರ್ಯಾ ಅವರು, ಅವರ ದನಿ ನನಗ ತಪ್ಪೂದಿಲ್ಲ. ಹೋಗಿ ನೋಡ್ತೇನಿ, ನನ್ನ ಮಗ ಎತ್ತಿನ ಕಾಲಾಗ ಬಿದ್ದಾನ, ತಲಿ ಹಿಂದಿನ ಬುರುಡಿ ಒಡದೈತಿ, ಇಂವ ಗೂಟ ಹಿಡಕೊಂಡ ನಿಂತಾನ. ಆ ಎತ್ತು ಪಾಪ, ಕಾಲು ಮ್ಯಾಲ ಎತ್ತಿದ್ದು ಎತ್ತೇ ನಿಂತೈತಿ, ಇಳಸಿದ್ರ ಎಲ್ಲಿ ಬಸೂನ್ನ ತುಳದೀನಿ ಅಂತ.

ದಾಂಡೇಲಿಗೆ ಒಯ್ದ್ವಿ, ಯಾರದೋ ಜೀಪು ಸಿಕ್ಕಿತು. ದಾರ್ಯಾಗ ನನ್ನ ತೊಡಿ ಮ್ಯಾಲನ ಹೋದ. ನಾ ‘ಬಸು, ಕಣ್ಣ ತಗಿಯೋ, ಉಳವಿ ಬಂತು ನೋಡು’ ಅಂತ ಅಂದೆ, ಯಾಕ ಅಂದೆನೋ ಗೊತ್ತಿಲ್ಲ, ಉಳವಿ ಹಿಂದ ಉಳದಿತ್ತು. ಅರ್ಧ ಚಕ್ಕಡಿ ನಮ್ಮ ಕೂಡ ಊರಿಗೆ ತಿರುಗಿದ್ವು, ಅರ್ಧ ಉಳವಿಗೆ ಹೋದ್ವು. ಹೊಂಟ ಯಾತ್ರಾ ಬಿಡಬಾರದು ಅಂತ ಪದ್ಧತಿ ಐತೆಲ್ಲ. ಹೋದವರು ಬರೂ ಮುಂದ ಪ್ರಸಾದ ತಂದು ನಮ್ಮ ಹೊಸ್ತಲದಾಗ ಇಟ್ಟು ಹೋದ್ರು. ನಾ ಅದನ್ನ ಕೈಲೆ ಮುಟ್ಟಲಿಲ್ಲ, ಇರುವಿ ತಿಂದ್ವು. ನನ್ನ ಮಗ ನಿನ್ನ ಹಾದ್ಯಾಗ, ನಿನ್ನ ಹೆಸರ ಹಾಡಿಕೋಂತ ಬರಾಕತ್ತಿದ್ದ, ಒಂದ ಗಳಿಗಿ ಅವನ್ನ ಕಾಯಾಕ ಆಗಲಿಲ್ಲೇನು ನಿನಗ ಅಂತ ದೇವರಿಗೇ ಬೈದೆ. ಈಗ ಬೈಯೂದಿಲ್ಲ. ದಣದೇನಿ.

ನೀಲವ್ವ ಮಣ್ಣಿಗೆ ಬಂದಿದ್ಲು. ನಮ್ಮಲ್ಲೆ ಕುಣ್ಯಾಗ ಕುಂಡ್ರಿಸಿ, ಇಬತ್ತಿ ಹಚ್ಚಿ, ಎಲ್ಲಾರೂ ಒಂದೊಂದ ಹಿಡಿ ಮಣ್ಣ ಹಾಕ್ತಾರ. ಅಕಿ ದೂರ ನಿಂತು, ಎಲ್ಲಾರೂ ಹಾಕಿದ ಮ್ಯಾಲ ಬಂದು ಒಂದ ಹಿಡಿ ಹಾಕಿದ್ಲು. ಯಾರೋ ಒಬ್ಬಾಕಿ ‘ಯಾವ ಮಾರಿ ಹೊತಗೊಂಡ ಬಂದಿ’ ಅಂದ್ಲು ಅಕಿಗೆ. ನನಗ ಮಾತ್ರ, ಬಸು ಅಕಿ ಹಾಲೂ ಕುಡದಾನಲ್ಲ, ಹಾಕಲಿ ಅಂತ ಅನಸ್ತು. ಆವತ್ತಿನಿಂದ ಅಕಿ ನಮ್ಮ ಮನಿಗೆ ಬರೂದು ಬಿಟ್ಲು, ನಾ ಅಕಿ ಮನಿಗೆ ಹೋಗೂದು ಬಿಟ್ಟೆ. ಎದುರಾಬದುರು ಬಾಗಲಾ, ಇಬ್ಬರೂ ಮುಂಜಾನೆ ಎದ್ದು ಸಾರಸಬೇಕು, ರಂಗೋಲಿ ಹಾಕಬೇಕು, ಇಬ್ಬರೂ ತಲಿ ತಗ್ಗಿಸಿ ಹಾಕತಿದ್ವಿ. ಅಕಿ ಬಳಿ ಸಪ್ಪಳಾ ನನಗ ಕೇಳತಿತ್ತು, ನಂದು ಅಕಿಗೆ ಕೇಳತಿತ್ತು.

ಈರ್ಯಾನ್ನ ಪೊಲೀಸ್ರು ಒಯ್ದರು. ಮಳಿಗಾಲ ಮುಗ್ಯಾಕ ಬಂದಾಗ ಜಾಮೀನು ಸಿಕ್ಕಿತು, ಬಂದ. ಅಂವ ಬಂದ ಮ್ಯಾಲ ಶುರು ಆತು ಊರ ಹಿರ್ಯಾರ ಕಾಟ. ಕಾಟ ಅನಬಾರದು, ಅವರು ಛಲೋ ಮನಸಿನ ಮಂದಿ, ಆದ್ರ ಅವರ ಛಲೋತನಾನ ನನಗ ಕಾಟ ಆತು. ಶಿವಪ್ಪ ಕಾಕಾ, ಮತ್ತ ಇಬ್ಬರು ಹಿರ್ಯಾರು, ಅವರ ಜೋಡಿ ಮಠದ ಅಜ್ಜಾರೂ ಬಂದ್ರು ನಮ್ಮ ಮನಿಗೆ. ಅಜ್ಜಾರು ಮನಿಗೆ ಬಂದ್ರ ಪಾದಾ ತೊಳೀಬೇಕು, ತೊಳದೆ. ಶಿವಪ್ಪ ಕಾಕಾ ಅಂದ್ರು, ‘ಗಂಗವ್ವಾ, ಗುಡ್ಯಾಗ ಭಜನಿ ನಿಂತೈತಿ. ಓಣಿ ಎರಡಾಗೇತಿ. ಶಿವಭಕ್ತರ ಓಣಿ ಇದು, ಹಗೆ ಇಟಗೊಂಡು ಲಿಂಗಪೂಜಿ ಮಾಡಿದ್ರ ಮುಟ್ಟತೈತೇನು? ನೀ ಒಂದ ಮಾತು ಮಾಫ್ ಅಂದಬಿಡು.’ ಅಜ್ಜಾರು ಮೆತ್ತಗ ಅಂದ್ರು, ‘ಕ್ಷಮಾ ಮಾಡಿದ್ರ ಮೊದಲು ನಿನ್ನ ಎದಿ ಹಗರ ಆಗತೈತಿ ತಾಯಿ.’ ನಾ ಕೈ ಮುಗದು ಕೇಳಿದೆ, ‘ಅಜ್ಜಾರ, ಮಾಡ್ತೇನ್ರಿ. ಅಂವ ಬಂದು ನನ್ನ ಮುಂದ ನಿಂತು, ದೊಡ್ಡವ್ವಾ ನಾ ಹೊಡದೆ ಅಂತ ಹೇಳ್ಲಿ. ಅದೊಂದ ಮಾತು. ಆಮ್ಯಾಲ ನೀವು ಹೇಳಿದಂಗ ಕೇಳ್ತೇನಿ.’ ಶಿವಪ್ಪ ಕಾಕಾ ತಲಿ ಅಲ್ಲಾಡಿಸಿದ್ರು. ‘ಅದೊಂದ ಆಗೂದಿಲ್ಲವಾ, ಕೇಸು ನಡದೈತಿ, ಏನೂ ಒಪ್ಪಿಕೋಬ್ಯಾಡ ಅಂತ ವಕೀಲ್ರು ಹೇಳ್ಯಾರ’ ಅಂದ್ರು. ಕೇಳ್ರಿ ಹೆಂಗೈತಿ! ಅಂವ ಏನೂ ಮಾಡೇ ಇಲ್ಲ ಅಂತ, ಆದ್ರ ನಾ ಮಾಫ್ ಮಾಡಬೇಕಂತ. ಯಾವುದಕ್ಕ ಮಾಡ್ಲಿ? ‘ಹಂಗಾದ್ರ ಆಗೂದಿಲ್ರಿ’ ಅಂದೆ. ನಿಮ್ಮ ಮುತ್ಯಾ ಮೂಲ್ಯಾಗ ಕುಂತಿದ್ರು, ಅವರೂ ಒಂದ ಮಾತು ಅಂದ್ರು, ‘ಆಗೂದಿಲ್ಲ’ ಅಂತ. ಆ ವರ್ಷಕ್ಕ ಅವರು ಆಡಿದ್ದು ಅದೊಂದ ಮಾತು ಅಂತ ಕಾಣತೈತಿ.

ಆಮ್ಯಾಲ ದಸರಾ ಬಂತು. ಬನ್ನಿ ಹಬ್ಬ. ನಿಮಗ ಬನ್ನಿ ಅಂದ್ರ ಮೊಬೈಲದಾಗ ಫೋಟೊ ಕಳಸೂದು ಅಷ್ಟ ಗೊತ್ತು. ನಮ್ಮಲ್ಲೆ ಅದು ಅಷ್ಟಲ್ಲ. ಊರ ಹೊರಗಿನ ಬನ್ನಿ ಗಿಡಕ್ಕ ಪೂಜಿ ಮಾಡಿ, ಎಲಿ ಹರಕೊಂಡ ಬಂದು, ಸಣ್ಣವರು ದೊಡ್ಡವರ ಕೈಯಾಗ ಇಟ್ಟು ಕಾಲಿಗೆ ಬೀಳಬೇಕು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನಬೇಕು. ದೊಡ್ಡವರು ತಲಿ ಮ್ಯಾಲ ಕೈಯಿಟ್ಟು ಹರಸಬೇಕು. ವರ್ಷಾನಗಟ್ಟಲೆ ಮಾತು ಬಿಟ್ಟವರು ಅವತ್ತ ಬನ್ನಿ ಕೊಟ್ಟು ಮಾತಾಡಸ್ತಾರ. ಬನ್ನಿ ಒಂದ ಸಲ ತಗೊಂಡ್ರ ಹಿಂದಿಂದು ಎತ್ತಂಗಿಲ್ಲ, ಅದು ಊರ ಕಟ್ಟಳಿ. ಬಂದ ಬನ್ನಿ ಬ್ಯಾಡ ಅನ್ನೂದಂತೂ ನಾ ಹುಟ್ಟಿದಾಗಿಂದ ಕಂಡಿಲ್ಲ. ನಾ ಆ ವರ್ಷ ಗಿಡಕ್ಕ ಹೋಗಲಿಲ್ಲ, ಸೂತಕದ ಮನಿ, ಇಲ್ಲೆ ಕಟ್ಟಿ ಮ್ಯಾಲ ಕುಂತಿದ್ದೆ. ಓಣಿ ಹುಡುಗ್ರು ಸಾಲಹಚ್ಚಿ ಬಂದ್ವು. ಪಾಪ, ಅವೇನ ಮಾಡ್ಯಾವ. ಒಂದು ಬರತೈತಿ, ಕೈಯಾಗ ಎಲಿ ಇಡತೈತಿ, ಬಗ್ಗತೈತಿ, ನಾ ತಲಿ ಮುಟ್ಟಿ ‘ಬಂಗಾರದಂಗ ಇರು, ನೂರ ವರ್ಷ ಬಾಳು’ ಅಂತೇನಿ, ಅದು ಹೋಗತೈತಿ, ಇನ್ನೊಂದು ಬರತೈತಿ. ಅವ್ವಗೋಳು ಬಂದ್ರು, ಸೊಸಿಗೋಳು ಬಂದ್ರು. ಕೈ ಅದರಷ್ಟಕ್ಕ ಅದು ಹೊಂಟಿತ್ತು, ಬಾಯಿ ಅದರಷ್ಟಕ್ಕ. ಮನಸು ಎಲ್ಲಿತ್ತೋ.

ಆ ಸಾಲಿನ್ಯಾಗ ಅಂವ ಬಂದ. ನನಗ ಕಾಣಲಿಲ್ಲ ಅಂತ ಹೇಳೂದಿಲ್ಲ, ಸುಳ್ಳ ಯಾಕ ಹೇಳ್ಲಿ. ಮಾರಿ ಕಂಡಿತ್ತು. ಸೊರಗಿದ್ದ, ಗಡ್ಡಾ ಬಿಟ್ಟಿದ್ದ. ಈರ್ಯಾ ಬಂದ ಅಂತ ತಿಳೀತು, ತಿಳಿಯೂದ್ರಾಗ ಎಲಿ ಕೈಯಾಗ ಬಿದ್ದಿತ್ತು, ಅಂವ ಕಾಲ ಮುಟ್ಟಿದ್ದ, ನನ್ನ ಕೈ ಅವನ ತಲಿ ಮ್ಯಾಲ ಹೋಗಿತ್ತು. ಬಾಯಿನೂ ಅಂದಬಿಟ್ಟಿತ್ತು, ‘ಬಂಗಾರದಂಗ ಇರು, ನೂರ ವರ್ಷ…’ ಅಲ್ಲಿಗೆ ನಿಂತಿತು. ಅಂವ ನಡಿಯಾಕ ಕಲತಾಗಿಂದ ಪ್ರತಿ ದಸರಾಕ್ಕ ಆ ತಲಿ ನನ್ನ ಮುಂದ ಬಗ್ಗೇತಿ, ಪ್ರತಿ ದಸರಾಕ್ಕ ನಾ ಅದರ ಮ್ಯಾಲ ಕೈಯಿಟ್ಟೇನಿ. ಕೈಗೇನ ಗೊತ್ತು ಆ ವರ್ಷ ಬ್ಯಾರೆ ಅಂತ? ಸರಕ್ಕನ ಹಿಂದಕ್ಕ ತಗೊಂಡೆ, ಎಲಿ ಕೆಳಗ ಬಿತ್ತು. ಅಷ್ಟರಾಗ ಹಿಂದ ನಿಂತ ಶಿವಪ್ಪ ಕಾಕಾ ಎರಡೂ ಕೈ ಎತ್ತಿ ‘ಹರ ಹರ ಮಹಾದೇವ’ ಅಂದಬಿಟ್ರು, ಇಡೀ ಓಣಿ ಅಂತು. ಯಾರೋ ಮೊಬೈಲದಾಗ ಫೋಟೊ ಹೊಡದ್ರು. ಹೆಂಗಸ್ರು ಕಣ್ಣ ಒರಸಿಕೊಂಡ್ರು. ನಾ ಒದರಿದೆ, ‘ಇಲ್ರೀ, ಇಲ್ಲ, ಹಂಗಲ್ಲ, ನಾ ಮಾಡಿಲ್ಲ’ ಅಂತ ಒದರಿದೆ. ಯಾರಿಗೆ ಕೇಳಬೇಕದು? ಆ ಜೈಕಾರದಾಗ ನನ್ನ ದನಿ ನನಗ ಕೇಳಸಲಿಲ್ಲ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ ನೋಡ್ರಿ. ಹಂಗ ಆತು.

ಮರುದಿನ ನಾ ಶಿವಪ್ಪ ಕಾಕಾನ ಮನಿಗೆ ಹೋಗಿ ಹೇಳಿದೆ, ‘ಕಾಕಾ, ಅದು ರೂಢಿಲೇ ಕೈ ಹೋತು, ಮನಸಿಂದ ಅಲ್ಲ.’ ಅವರು ನಕ್ಕು, ನನ್ನ ತಲಿ ಸವರಿದ್ರು. ‘ಹುಚ್ಚಿ, ಅದು ನಿನ್ನ ಕೈ ಅಲ್ಲ, ಶಿವಾನ ನಿನ್ನ ಕೈ ಹಿಡದು ಇಡಿಸ್ಯಾನ’ ಅಂದ್ರು. ಇನ್ನೇನ ಹೇಳ್ತಿ ಅವರಿಗೆ? ಶಿವನ್ನ ನಡುವ ತಂದಿಟ್ರ ನನ್ನಂಥಾಕಿ ಯಾವ ಲೆಕ್ಕ. ಮಠದಾಗ ಮಂದಿ ಕೂಡಿಸಿ ನನಗ ಶಾಲು ಹೊಚ್ಚಿದ್ರು, ‘ಕ್ಷಮಾಗುಣದ ತಾಯಿ’ ಅಂದ್ರು, ಹಾರ ಹಾಕಿದ್ರು. ನಾ ಹೋಗೂದಿಲ್ಲ ಅಂದ್ರೂ ಕರಕೊಂಡ ಹೋದ್ರು. ಮೈಕ್ ಕೊಟ್ರು, ನನಗ ಅಳು ಬಂತು, ಅಳುವಾಗ ‘ನಾ ಮಾಡಿಲ್ಲ’ ಅಂದೆ, ಅವರು ಏನ ತಿಳಕೊಂಡ್ರು ಗೊತ್ತೈತೇನು? ‘ನೋಡ್ರಿ, ನಾ ಮಾಡಿಲ್ಲ, ದೇವರ ಮಾಡ್ಯಾನ ಅಂತಾಳ, ಒಂದೀಟೂ ಸೊಕ್ಕಿಲ್ಲ ನೋಡ್ರಿ’ ಅಂದ್ರು. ಚಪ್ಪಾಳಿ ಹೊಡದ್ರು! ನಿಮಗ ನಗು ಬರ್ತೈತಿ, ನಗ್ರಿ, ನನಗೂ ಈಗೀಗ ನಗು ಬರ್ತೈತಿ. ಅವತ್ತ ಮನಿಗೆ ಬಂದು ಆ ಶಾಲು ಜ್ವಾಳದ ಚೀಲದ ಮ್ಯಾಲ ಹೊಚ್ಚಿದೆ, ಇಲಿ ಬರತಿದ್ವು. ಗುಡ್ಯಾಗ ಭಜನಿ ಶುರು ಆತು. ಢೋಲಕಿ ಸಪ್ಪಳಾ ಇಲ್ಲೀತನಕ ಬರತಿತ್ತು, ಈರ್ಯಾನ ಕೈ ಅದು, ನನಗ ಗೊತ್ತು. ಹಾಡಾಕ ಬ್ಯಾರೆ ಯಾರನ್ನೋ ಹಚ್ಚಿದ್ರು. ನಿಮ್ಮ ಮುತ್ಯಾ ಎದ್ದು ದನದ ಮನ್ಯಾಗ ಹೋಗಿ ಕುಂದರತಿದ್ರು.

ಕೋರ್ಟು ಬಂತು. ಆ ಹಳ್ಳದ ದಂಡ್ಯಾಗ ಕಣ್ಣಾರೆ ಕಂಡವರು ಒಬ್ಬರಾದ ಮ್ಯಾಲ ಒಬ್ಬರು ಹೋಗಿ ‘ಗದ್ದಲದಾಗ ನಮಗ ಕಾಣಲಿಲ್ರೀ, ಎತ್ತು ಒದ್ದಿರಬೇಕು’ ಅಂದ್ರು. ಎತ್ತು! ಬಾಯಿಲ್ಲದ ಪ್ರಾಣಿ ಮ್ಯಾಲ ಹಾಕಿದ್ರು. ಎತ್ತಿನ ಮುಂಗಾಲು ತೊಡಿ ಮ್ಯಾಲ ಇಟಗೊಂಡು ಬಗ್ಗಿದವಂಗ ಅದು ತಲಿ ಹಿಂದ ಹೆಂಗ ಒದೀತೈತಿ, ನೀವ ಹೇಳ್ರಿ. ಡಾಕ್ಟರು ಗಟ್ಟಿ ವಸ್ತು ಬಡದೈತಿ ಅಂತ ಬರದಿದ್ರಂತ, ಗೊರಸೂ ಗಟ್ಟೀನ ಇರತೈತಿ ಅಂದ್ರಂತ ಅವನ ವಕೀಲ್ರು. ಶಿವಪ್ಪ ಕಾಕಾನೂ ಹಂಗ ಹೇಳಿದ್ರು. ‘ಏನ್ ಮಾಡಿದ್ಯೋ’ ಅಂತ ಒದರಿದವರ ಅವರು! ಹೊರಗ ಬಂದಾಗ ಕೇಳಿದೆ, ‘ಯಾಕ ಹಂಗಂದ್ರಿ ಕಾಕಾ?’ ಅವರಿಗೆ ಖರೇನ ಆಶ್ಚರ್ಯ ಆತು. ‘ಗಂಗವ್ವಾ, ನೀನ ಬನ್ನಿ ತಗೊಂಡು ತಲಿ ಮ್ಯಾಲ ಕೈಯಿಟ್ಟಿ. ಹಡದಾಕಿನ ಬಿಟ್ಟ ಮ್ಯಾಲ ನಾ ಯಾರು ಹಿಡಕೊಂಡ ನಿಂದ್ರಾಕ?’ ಅಂದ್ರು. ನನ್ನನ್ನೂ ಕಟಕಟ್ಯಾಗ ನಿಂದ್ರಿಸಿದ್ರು. ಅವನ ವಕೀಲ್ರು ಭಾಳ ಮರ್ಯಾದಿಲೇ ಕೇಳಿದ್ರು, ‘ಅಮ್ಮಾ, ದಸರಾದಾಗ ಇವರಿಗೆ ಆಶೀರ್ವಾದ ಮಾಡಿದ್ದು ಹೌದೇನ್ರಿ?’ ದೇವರ ಆಣಿ ಮಾಡಿ ನಿಂತೇನಿ, ಏನನ್ಲಿ? ‘ಹೌದ್ರಿ’ ಅಂದೆ. ‘ಮಗನ್ನ ಕೊಂದವನಿಗೆ ಯಾವ ತಾಯಿಯಾದ್ರೂ ನೂರು ವರ್ಷ ಬಾಳು ಅಂತಾಳೇನ್ರಿ?’ ಅಂದ್ರು. ನಾ ಹೇಳಾಕ ಹೋದೆ, ಅದು ರೂಢಿ ಸಾಹೇಬ್ರ, ಕೈ ತಾನ ಹೋತು ಅಂತ. ‘ಸಾಕಮ್ಮಾ’ ಅಂದ್ರು. ನನ್ನ ಒಂದು ಬಾಯಿಂದ ನನ್ನ ಮಗನ್ನ ಎರಡನೇ ಸಲ ಮಣ್ಣ ಮಾಡಿ ಬಂದಂಗ ಆತು ನನಗ. ಕೋರ್ಟು ಅವನ್ನ ಬಿಟ್ಟಬಿಡ್ತು. ಬಿಡೂದು ಬಿಡಲಿ, ನನಗ ಅಂವ ಜೇಲಿನ್ಯಾಗ ಕೊಳೀಲಿ ಅಂತ ಇರಲಿಲ್ಲ, ಶಿವನ ಆಣಿ, ಇರಲಿಲ್ಲ. ಯಾರರೆ ಒಬ್ಬರು ಹೊಡದ ಅನಲಿ ಅಂತ ಇತ್ತು. ಒಬ್ಬರೂ ಅನಲಿಲ್ಲ. ಊರ ಲೆಕ್ಕದಾಗ ನನ್ನ ಮಗ ಎತ್ತ ಒದ್ದು ಸತ್ತಾಂವ.

ಅವತ್ತ ಸಂಜಿಕ, ಎದುರಿನ ಮನ್ಯಾಗ ಮಂದಿ ತೆಂಗಿನಕಾಯಿ ಒಡ್ಯಾಕತ್ತಿದ್ರು, ಮುಂದಿನ ಬಾಗಲಾ ತುಂಬ ಚಪ್ಪಲಿ. ನಾ ಹಿತ್ತಲದಾಗ ಭಾಂಡಿ ತಿಕ್ಕಾಕತ್ತಿದ್ದೆ. ನೀಲವ್ವ ಹಿತ್ತಲ ಕಡಿಯಿಂದ ಬಂದ್ಲು. ಅಷ್ಟ ದಿನದ ಮ್ಯಾಲ ಮೊದಲನೇ ಸಲ. ತಲಿ ಮ್ಯಾಲ ಸೆರಗಿಲ್ಲ, ಕಾಲಾಗ ಚಪ್ಪಲಿಲ್ಲ. ನಾ ‘ಇಲ್ಲ್ಯಾಕ ಬಂದಿ? ಹೋಗು, ಪೇಡೆ ಹಂಚು ಹೋಗು’ ಅಂದೆ. ಅಕಿ ಹೋಗಲಿಲ್ಲ. ಬಚ್ಚಲ ಕಲ್ಲ ಮ್ಯಾಲ, ನನ್ನ ಎದುರಿಗೆ ಕುಂತ್ಲು, ಬೂದಿ ಕೈಯಾಗ ತಗೊಂಡು ನನ್ನ ಗಂಗಾಳ ತಿಕ್ಕಾಕ ಹತ್ತಿದ್ಲು. ತಿಕ್ಕಿಕೋಂತನ ಅಂದ್ಲು, ‘ಗಂಗವ್ವಾ, ನನ್ನ ಮಗಾ ಹೊಡದ. ಗೂಟಲೇ ಹೊಡದ. ಹಿಂದಿನಿಂದ ಹೊಡದ. ನನ್ನ ಮುಂದ ಹೇಳ್ಯಾನ. ನಿನ್ನ ಮುಂದ ಹೇಳಾಕ ಅವಂಗ ಬಾಯಿಲ್ಲ, ನಾ ಹೇಳ್ತೇನಿ.’ ನನ್ನ ಕೈ ನಿಂತ್ವು. ‘ಕೋರ್ಟಿನ್ಯಾಗ ಯಾಕ ಹೇಳಲಿಲ್ಲ’ ಅಂದೆ. ‘ಹೆಂಗ ಹೇಳ್ಲೆ ಯವ್ವಾ, ಹಡದೇನಿ’ ಅಂದ್ಲು. ನಾ ಅಕಿ ಮಾರಿ ನೋಡಿದೆ. ನಾ ಅಕಿ ಜಾಗಾದಾಗ ಇದ್ರ ಹೇಳತಿದ್ನೇನು? ಹೇಳತಿದ್ದಿಲ್ಲ. ಎದಿ ಮುಟ್ಟಿಕೊಂಡ ಹೇಳ್ತೇನಿ, ಹೇಳತಿದ್ದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಅಕಿ ಅಳಾಕ ಹತ್ತಿದ್ಲು, ನಾನೂ ಅಳಾಕ ಹತ್ತಿದೆ. ಬಸು ಸತ್ತಾಗ ಊರಿಗೆ ಊರ ಬಂದು ನನ್ನ ಜೋಡಿ ಅತ್ತಿತ್ತು, ಆದ್ರ ಅವನ್ನ ಕೊಂದಾರ ಅಂತ ಒಪ್ಪಿ ಅತ್ತದ್ದು ನಾವಿಬ್ಬರ, ಅವತ್ತ, ಆ ಬಚ್ಚಲದಾಗ.

ಏನು, ಈರ್ಯಾಗ ಮಾಫ್ ಮಾಡಿಯೋ ಇಲ್ಲೋ ಅಂತೀಯೇನು ಶಿವು? ಗೊತ್ತಿಲ್ಲೋ ತಮ್ಮಾ. ಅಂವ ಇನ್ನೂ ಕುಡೀತಾನ, ಹಾದ್ಯಾಗ ಸಿಕ್ರ ಗ್ವಾಡಿ ಹಿಡಕೊಂಡ ನಿಂದರತಾನ. ಒಂದೊಂದ ಸಂಜಿಕ ಮಾಡೇನಿ ಅನಸತೈತಿ, ಮುಂಜಾನೆ ಎಮ್ಮಿ ಮುಂದ ಕುಂತಾಗ ಇಲ್ಲ ಅನಸತೈತಿ. ನನ್ನ ಕೈಯಾಗಿಲ್ಲ ಅದು. ನಿಮಗಷ್ಟ ಹೇಳ್ತೇನಿ ಕೇಳ್ರಿ, ನಾಳೆ ನೀವೂ ನಾಕ ಮಂದಿ ನಡುವ ಬಾಳೂವರು. ಅಳೂ ಮನಿಗೆ ಹೋದ್ರ ಮರತಬಿಡು, ಬಿಟ್ಟುಬಿಡು ಅನಬ್ಯಾಡ್ರಿ. ಏನಾಗೇತಿ ಅದನ್ನ ಆಗೇತಿ ಅನ್ರಿ, ಅನ್ನಾಕ ಆಗದಿದ್ರ ಕುಂತು ಎರಡ ಭಾಂಡಿ ತಿಕ್ಕಿ ಬರ್ರಿ. ಏಳ್ರಿ ಈಗ, ರೊಟ್ಟಿ ಆರಾಕತ್ತಾವ.